ಖಂಡೇಪೂಜೆಗೆ ಬಂದ್ ಮಾಡಿದ ಯಂತ್ರ

ಅಕ್ಟೋಬರ್ ೧೧, ಶುಕ್ರವಾರ

ಇಂದು ಖಂಡೇಪೂಜೆ, ಆಯುಧಗಳ ಹಬ್ಬ. ಗಜೇಂದ್ರಗಡದಲ್ಲಿ ಗಾಲಿ ಇದ್ದದ್ದಕ್ಕೆಲ್ಲ ಚೆಂಡುಹೂವು ಬಿತ್ತು. ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ತಲೆ ತೂರಿಸುವ ಆ ದೊಡ್ಡ ಬಳೆಯ ಎರಡೂ ಕಡೆ ಬಾಳೆಕಂಬ ಕಟ್ಟಿದರು. ಈಗ ಅದು ಲಗ್ನಮಂಟಪದ ಹಾಗೆ ಕಾಣುತ್ತದೆ, ಹಾಸಿಗೆಯೂ ಸಿದ್ಧವಾಗಿಯೇ ಇದೆ.

ಬಳೆಯನ್ನು ನಡೆಸುವುದು ನನ್ನ ಮೇಜಿನ ಕೆಳಗಿನ ಯುನಿಕ್ಸ್ ಕಂಪ್ಯೂಟರಿನ ಡಬ್ಬಿ. ಬಹಳ ಹಳೆಯದು, ಮಾಡಿದ ಕಂಪನಿಯೇ ಅದನ್ನು ಮರೆತಿದೆ. ನಾನು ಇಲ್ಲಿ ಸೇರಿದ ಮೇಲೆ ಅದನ್ನು ಒಮ್ಮೆಯೂ ಬಂದ್ ಮಾಡಿದವನಲ್ಲ. ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಇಳಿದರೆ ನಮ್ಮ ಸೆಂಟರಿನ ರಮಜಾನಸಾಬ ಹಚ್ಚುವ ಜನರೇಟರ್. ಪ್ರತಿ ವರ್ಷ ಓಡುವ ಯಂತ್ರಕ್ಕೇ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದೆವು. ಈ ವರ್ಷ ಕಸ ಗುಡಿಸುವ ಉಡಚವ್ವ ಹಟ ಹಿಡಿದಳು.

“ಮನ್ಯಾಗಿನ ಕುಡಗೋಲು, ಕೊಡ್ಲಿ, ಈಳಿಗಿ, ಎಲ್ಲಾಕ್ಕೂ ಇವತ್ತ ಸೂಟಿ. ಇದೊಂದ ಏನ್ ಪಾಪಾ ಮಾಡೇತಿ? ದುಡಿಯೋ ಸಾಮಾನಿಗಿ ವರ್ಸದಾಗ ಒಂದಿನ ಉಸಿರ ಬಿಡಾಕ ಕೊಡಬೇಕ್ರಿ ಸರ.”

ಸೆಂಟರಿನ ಮಾಲಕರಾದ ಡಾಕ್ಟರ್ ಅರ್ಜುನಪ್ಪನವರು “ಖರೇ ಮಾತು. ಹೆಂಗೂ ಸೋಮವಾರತನ ಬಾಗಲಾ ತಗಿಯೂದಿಲ್ಲ. ಬಂದ್ ಮಾಡ್ರಿ ಕಳಕೇಶ” ಅಂದರು. ಮಾಲಕರ ಮಾತು, ಮೇಲೆ ಹಬ್ಬ. ಹಾಲ್ಟ್ ಎಂದು ಹೊಡೆದೆ. ಒಳಗಿನ ಡಿಸ್ಕಿನ ಗುಂಯ್ ಎನ್ನುವ ಸದ್ದು ಇಳಿಯುತ್ತ ಬಂದು ನಿಂತಿತು. ಅಂಥದೊಂದು ಸದ್ದು ದಿನವೂ ಕೇಳುತ್ತಿತ್ತು ಎಂಬುದೇ ಅದು ನಿಂತ ಮೇಲೆ ತಿಳಿಯಿತು.

ಮನೆಯಾಕೆ ಹೋಳಿಗೆ ತಂದಿದ್ದಳು. ಹೆಂಡತಿಯ ಹೆಸರು ಹಿಡಿದು ಬರೆಯುವ ರೂಢಿ ನನಗಿಲ್ಲ. ನನ್ನ ಹೆಸರು ಹೇಳುವ ರೂಢಿ ಅವಳಿಗೂ ಇಲ್ಲ, ಒಡಪಿನಲ್ಲಿ ಬಿಟ್ಟರೆ. ಗಂಡನ ಹೆಸರನ್ನು ಪ್ರಾಸದ ಕೊನೆಗೆ ಕೂಡಿಸಿ ಹೇಳುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಉಡಚವ್ವ “ಅಕ್ಕಾರ, ಒಂದ್ ಒಡಪ ಆಗ್ಲಿ” ಅಂದದ್ದೇ ತಡ:

“ಹೊತ್ತು ಮುಳುಗಿದರೂ ಮನಿಗಿ ಇಲ್ಲ ಪ್ರವೇಶ,
ಮಷಿನ್ನೇ ಮೊದಲ ಹೆಂಡತಿ ಅಂತಾರ ನಮ್ಮ ಕಳಕೇಶ.”

ಡಾಕ್ಟರರೂ ನಕ್ಕರು. ಮನೆಯಾಕೆ ತಲೆಗೆ ಬಿಗಿಯಾಗಿ ಅರಿವೆ ಕಟ್ಟಿಕೊಂಡೇ ಬಂದಿದ್ದಳು. ಈಚೆಗೆ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಇಂದು ವಾಂತಿಯೂ ಆಯಿತಂತೆ. ನವರಾತ್ರಿಯ ಉಪವಾಸ, ಒಲೆಯ ಮುಂದೆ ವಾಸ.

ಅಕ್ಟೋಬರ್ ೧೪, ಸೋಮವಾರ

ಡಬ್ಬಿಗೆ ಕರೆಂಟ್ ಬಂತು, ಜ್ಞಾನ ಬರಲಿಲ್ಲ.

ಅದರೊಳಗೆ ಗುಂಡಿಯಷ್ಟು ಒಂದು ಬ್ಯಾಟರಿ ಇದೆ. ಡಬ್ಬಿ ಮಲಗಿದಾಗ ಅದರ ಗುರುತು, ತಾರೀಖು, ಯಾವ ಡಿಸ್ಕಿನಿಂದ ಏಳಬೇಕು ಎಂಬುದನ್ನು ನೆನಪಿಡುವುದು ಆ ಬ್ಯಾಟರಿಯ ಕೆಲಸ. ಅದು ಯಾವಾಗಲೋ ಸತ್ತಿದೆ. ಓಡುವಷ್ಟು ದಿನ ಯಾರಿಗೂ ಗೊತ್ತಾಗಿಲ್ಲ. ಈಗ ಏನೂ ನೆನಪಿಲ್ಲದ ಡಬ್ಬಿ ನೆಟ್‌ವರ್ಕಿನ ಕಡೆ ಮುಖ ಮಾಡಿ ‘ನಾನು ಯಾರು, ಯಾರಾದರೂ ಹೇಳಿ’ ಎಂದು ಕೇಳುತ್ತ ಕೂತಿದೆ. ಆ ಕಡೆ ಉತ್ತರಿಸಲು ಯಾರೂ ಇಲ್ಲ. ಪರದೆಯ ತುಂಬ ಒಂದೇ ಸಾಲು.

ನಾನು ಕನ್ನಡ ಮಾಧ್ಯಮದ ಬಿ.ಎ. ಹಿಂದೆ ಇದ್ದ ಇಂಜಿನಿಯರ್ ಕಮಾಂಡ್ ಕಲಿಸಿದಾಗ ಇಂಗ್ಲಿಷ್ ತಲೆಯಲ್ಲಿ ನಿಲ್ಲಲಿಲ್ಲ. ಪ್ರಾಸ ಕಟ್ಟಿದ ಮೇಲೆ ತಲೆಯಿಂದ ಇಳಿಯಲೇ ಇಲ್ಲ:

“ಸ್ಟಾಪಿನ ಜತಿ ಎ ಒತ್ತು, ಓಕೆ ಬರೋ ಹೊತ್ತು;
ಪ್ರೋಬ್ ಸ್ಕಸಿ ಹೊಡಿ, ಯಾರ್ಯಾರದಾರ ನೋಡಿ;
ಇದ್ದರ ಬೂಟ್ ಡಿಸ್ಕು, ಇಲ್ಲಂದ್ರ ರಿಸ್ಕು.”

ಸ್ಟಾಪ್ ಮತ್ತು ಎ ಕೀಲಿ ಕೂಡಿಸಿ ಒತ್ತಿದೆ, ಮೊದಲ ಸಾಲು ನಡೆಯಿತು. ಪರದೆಯ ಮೇಲೆ ‘ಓಕೆ’ ಬಂತು. ಎಲ್ಲ ಕೆಟ್ಟಾಗಲೇ ಈ ಡಬ್ಬಿ ಓಕೆ ಅನ್ನುವುದು. ಡಾಕ್ಟರರು ಹಿಂದಿನಿಂದ ಬಗ್ಗಿ ನೋಡಿ “ಓಕೆ ಅನ್ನಾಕತ್ತೈತೆಲ್ಲ?” ಅಂದರು. “ಹೌದ್ರಿ. ಮುಂದ ಏನ್ ಮಾಡ್ಲಿ ಅಂತ ನನ್ನ ಕೇಳಾಕತ್ತೈತ್ರಿ” ಅಂದೆ. ಅವಸರಕ್ಕೆ, ಯಾವ ಯಾವ ಡಿಸ್ಕ್ ಇವೆ ಎಂದು ಕೇಳುವ ನಡುವಿನ ಸಾಲು ಬಿಟ್ಟು ನೇರ ಬೂಟ್ ಡಿಸ್ಕ್ ಹೊಡೆದೆ. ಡಿಸ್ಕ್ ತೆರೆಯಲಾಗದು ಅಂತು.

ಮಧ್ಯಾಹ್ನ ಮನೆಯಾಕೆಯನ್ನು ಡಾಕ್ಟರರಿಗೆ ತೋರಿಸಿದೆ. ಕಣ್ಣಿಗೆ ಬ್ಯಾಟರಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

“ಈ ತಲಿನೋವು ನನಗ ಸಮಾಧಾನ ಅನ್ಸವಲ್ದು. ದೇವಿಕಾ ಅವ್ರದೊಂದು ತಲಿ ಸ್ಕ್ಯಾನ್ ಆಗ್ಲಿ. ಗದಗಿಗಿ ಚೀಟಿ ಬರದ ಕೊಡ್ಲೇನು?”

“ಗದಗ ಯಾಕ್ರಿ? ನಾಡ್ದಿಗಿ ನಮ್ಮದ ಚಾಲೂ ಆಗ್ತೈತ್ರಿ.”

ಖಾನಾವಳಿಯವನ ಹೆಂಡತಿ ಪಕ್ಕದ ಖಾನಾವಳಿಯಲ್ಲಿ ಉಂಡರೆ ಊರು ಏನನ್ನಬೇಕು? ಅವಳೂ ಹೂಂ ಅಂದಳು. “ಆದ್ರ ಮದ್ಲ ನನ್ನ ತಲಿ ನೋಡ್ರಿ ಮತ್ತ, ಸಾಲಿನ್ಯಾಗ ನಿಂದ್ರಸಬ್ಯಾಡ್ರಿ.”

“ನಿನ್ನ ತಲ್ಯಾಗ ಏನೈತಿ ನೋಡಾಕ?”

“ನೀವ ಅದೀರಿ. ಅದಕ್ಕ ನೂಸಾಕತ್ತೇತಿ.”

ಅಕ್ಟೋಬರ್ ೧೬, ಬುಧವಾರ

ಪ್ರೋಬ್ ಸ್ಕಸಿ ಹೊಡೆದು ಹಾಜರಿ ಕರೆದೆ. ಸಿಡಿ ಓದುವ ಪೆಟ್ಟಿಗೆ ಮಾತ್ರ ಹಾಜರ್ ಅಂತು. ಡಿಸ್ಕ್ ಗೈರುಹಾಜರು. ಕಿವಿ ಇಟ್ಟು ಕೇಳಿದೆ, ಉಸಿರಿಲ್ಲ.

ಇಂಜಿನಿಯರ್ ಹೇಳಿದ್ದು ನೆನಪಾಯಿತು: ವರ್ಷಗಟ್ಟಲೆ ತಿರುಗಿದ ಡಿಸ್ಕನ್ನು ನಿಲ್ಲಿಸಿದರೆ ಓದುವ ಮುಳ್ಳು ತಟ್ಟೆಗೆ ಅಂಟಿಕೊಳ್ಳುತ್ತದೆ, ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಾಗೆ. ದುಡಿತದಿಂದ ಕೆಡಲಿಲ್ಲ, ಸೂಟಿಯಿಂದ ಕೆಟ್ಟಿತು. ಇದನ್ನು ಜೋರಾಗಿ ಹೇಳಬಾರದಿತ್ತು. ಹೊರಗೆ ಕಟ್ಟೆಯ ಮೇಲೆ ಕೂತ ಉಡಚವ್ವ “ನನ್ನ ಬಾಯಿಗಿ ಮಣ್ಣ ಹಾಕ್ರಿ” ಅನ್ನುತ್ತಿದ್ದಳು.

ರಮಜಾನಸಾಬ ಸಮಾಧಾನ ಹೇಳಿದ: “ಅಳಬ್ಯಾಡವಾ. ಇದು ಚಲೋನ ಆತು. ನಾಳಿಂದ ನಮ್ಮ ಬೀಬಿ ತವರಮನಿಗಿ ಹೊಕ್ಕೀನಿ ಅಂದ್ರ ಇದನ್ನ ತೋರಸ್ತೀನಿ. ಕುಂತ್ರ ಜಾಮ್ ಆಗ್ತಿ ನೋಡು ಅಂತೀನಿ.”

ಟ್ರಾಕ್ಟರಿನಿಂದ ಬಿದ್ದು ತಲೆ ಒಡೆದುಕೊಂಡ ಒಬ್ಬನನ್ನು ಯಾವಗಲ್ ಕಡೆಯಿಂದ ತಂದಿದ್ದರು. ಗದಗಿಗೆ ಕಳಿಸಿದೆವು.

ಸಂಜೆ ಮನೆಯಾಕೆಯ ಜತೆ ಪ್ರಾಸದಾಟ. ನಾನು ಒಂದು ಸಾಲು ಎಸೆಯಬೇಕು, ಅವಳು ಮುಗಿಸಬೇಕು. ಮದುವೆಯಾದಾಗಿನಿಂದ ನಡೆದ ಪಂದ್ಯ, ನಾನು ಗೆದ್ದದ್ದು ಕಡಿಮೆ. “ಅಂಟಿಕೊಂಡ ಡಿಸ್ಕು ಎಬ್ಬಿಸಲಿ ಹ್ಯಾಂಗ” ಅಂದೆ. ಬಾಯಿ ಅರ್ಧ ತೆರೆದು ಬಹಳ ಹೊತ್ತು ಕೂತಳು. “ಒಲಿ ಮ್ಯಾಲ ಇಡ್ರಿ ಅದನ್ನ” ಅಂದಳು. ಪ್ರಾಸವೂ ಇಲ್ಲ, ತಾಳವೂ ಇಲ್ಲ. ಒಂದು ಅಂಕ ನನಗೆ.

ಅಕ್ಟೋಬರ್ ೧೮, ಶುಕ್ರವಾರ

ಪ್ರಾಸವಿಲ್ಲದ ಸಲಹೆಯೇ ಫಲ ಕೊಟ್ಟಿತು. ಡಿಸ್ಕನ್ನು ಅರಿವೆಯಲ್ಲಿ ಸುತ್ತಿ, ಚಹಾದ ಒಲೆಯ ಮೇಲೆ ಕಾದ ಹಂಚಿಗೆ ಸಮೀಪ ಹಿಡಿದು ಬೆಚ್ಚಗೆ ಮಾಡಿದೆ. ಆಮೇಲೆ ಬೀಗ ತಿರುವುವ ಹಾಗೆ ಮಣಿಕಟ್ಟಿನಿಂದ ಝಟ್ಟನೆ ತಿರುವಿದೆ. ಮೂರನೆಯದೋ ನಾಲ್ಕನೆಯದೋ ತಿರುವಿಗೆ ಒಳಗೆ ಟಿಕ್ ಅಂತು. ಕರೆಂಟ್ ಕೊಟ್ಟೆ. ಗುಂಯ್. ಹಾಜರಿ ಕರೆದೆ, ಹಾಜರ್.

ಬೂಟ್ ಡಿಸ್ಕ್ ಹೊಡೆದೆ. ಓದಿತು, ಆದರೆ ಓದಿದ್ದು ಓಡುವಂಥದ್ದಲ್ಲ ಎಂದು ಮತ್ತೆ ಓಕೆಗೆ ಬಂದು ಕೂತಿತು. ಡಿಸ್ಕಿನ ಹೊಸ್ತಿಲಲ್ಲಿ, ‘ಎದ್ದ ಮೇಲೆ ಮೊದಲು ಇದನ್ನು ಮಾಡು’ ಎಂದು ಬರೆದಿರುವ ತುಣುಕೇ ಹಾಳಾಗಿದೆ. ಒಳಗಿನ ಮನೆ ನೆಟ್ಟಗಿದೆಯೋ ಏನೋ, ಬಾಗಿಲು ಸಿಗುತ್ತಿಲ್ಲ. ಹೊಸ್ತಿಲು ಕೂಡಿಸಲು ಮೂಲ ಸಿಡಿ ಬೇಕು. ನಮ್ಮದು ಸುಣ್ಣ ಹಚ್ಚುವಾಗ ಕಳೆದಿದೆ.

ಹುಬ್ಬಳ್ಳಿಯಲ್ಲಿ ಹಳೆ ಕಂಪ್ಯೂಟರ್ ಸಾಮಾನು ಮಾರುವ ಖಾದರನಿಗೆ ಫೋನ್ ಮಾಡಿದೆ. “ಅಣ್ಣಾ, ಆ ಡಬ್ಬಿ ಇನ್ನೂ ಹಯಾತಿ ಐತೇನು? ನಮ್ಮಲ್ಲಿ ಅದರ ಗೋರಿನೂ ಉಳದಿಲ್ಲ” ಅಂದ. ನರಗುಂದದಲ್ಲಿ ಮುಚ್ಚಿಹೋದ ಒಂದು ಸ್ಕ್ಯಾನ್ ಸೆಂಟರಿನ ಸಾಮಾನು ಆರಿಫ ಎನ್ನು‌ವವನ ಅಂಗಡಿಯಲ್ಲಿ ಬಿದ್ದಿದೆಯಂತೆ.

ಸಂಜೆ ಇದನ್ನು ಬರೆಯುತ್ತ ಕೂತಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಅವಳ ರೊಟ್ಟಿಗೆ ಒಂದು ತಾಳವಿದೆ, ಅದಕ್ಕೆ ನಾನು ಎಷ್ಟೋ ಪ್ರಾಸ ಕೂಡಿಸಿದ್ದೇನೆ. ಇಂದು ಎರಡು ಬಡಿತಕ್ಕೊಮ್ಮೆ ತಪ್ಪುತ್ತಿತ್ತು. ಬಲಗೈ ಜೋಮು ಹಿಡಿದಿದೆ ಅಂದಳು. ತಾಟಿಗೆ ಬಂದ ರೊಟ್ಟಿ ಹರಿದ ನಕಾಶೆ, ಉಣ್ಣುವುದೊಂದೇ ಆಶೆ.

ಅಕ್ಟೋಬರ್ ೨೦, ಭಾನುವಾರ

ಸೂಡಿಯಲ್ಲಿ ನಾದಿನಿಯ ಮಗಳ ಕುಬಸ. ಬಸ್ಸಿನಲ್ಲಿ ಮನೆಯಾಕೆಗೆ ಡಿಸ್ಕಿನ ಕತೆಯನ್ನೆಲ್ಲ ಹೇಳಿದೆ. ಕಿಟಕಿಗೆ ತಲೆ ಆನಿಸಿ ಹೂಂ ಹೂಂ ಅಂದಳು. ನಡುವೆ ಬಾಯಿ ಹಾಕಲಿಲ್ಲ, ಒಳ್ಳೆಯ ಶ್ರೋತೃ.

ಬಸುರಿಗೆ ಉಡಿ ತುಂಬಿ ಆರತಿ ಆದ ಮೇಲೆ ಒಡಪಿನ ಸರದಿ. ಹೆಂಗಸರೆಲ್ಲ “ದೇವಿಕಾನ್ನ ಎಬ್ಬಸ್ರೆ, ದೇವಿಕಾ ಹೇಳ್ಲಿ” ಎಂದು ಅವಳನ್ನು ಮುಂದೆ ನೂಕಿದರು. ನಿಂತಳು. ಹೊಸದನ್ನೇ ಕಟ್ಟಿಕೊಂಡು ಬಂದಿದ್ದಳು:

“ಸೂಡಿ ಹೊಂಡಕ್ಕ ಮೆಟ್ಟಿಲ ಚೆಂದ, ಮೆಟ್ಟಿಲಿಗಿ ಕಲ್ಲಿನ ವೇಷ,
ಕುಬಸದ ಮನ್ಯಾಗ ಹೆಸರ ಹೇಳತೇನಿ, ನಮ್ಮ ಮನಿಯವ್ರು…”

ಅಲ್ಲಿಗೆ ನಿಂತಳು.

“ಅಯ್ಯ ನಾಚಿಕಿ ನೋಡ್ರೆ!” ಎಂದು ಒಬ್ಬಾಕೆ ಚಪ್ಪಾಳೆ ತಟ್ಟಿದಳು. “ಮಗಳು ಧಾರವಾಡದಾಗ ಕಾಲೇಜ ಓದತಾಳ, ಈಕಿಗಿ ಇನ್ನೂ ಗಂಡನ ಹೆಸರಿಗಿ ನಾಚಿಕಿ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಸರಿನ ಮುಂದೆ ತಡೆಯುವುದೇ ಒಡಪಿನ ಸೊಗಸು. ನೆರೆದವರು ಕಾಡಿಸಬೇಕು, ಹೇಳುವವಳು ಸೆರಗು ಬಾಯಿಗೆ ಒತ್ತಬೇಕು. ಅವಳು ಸೆರಗು ಒತ್ತಲಿಲ್ಲ. ಬಾಯಿ ಆಡಿಸುತ್ತ, ಗಂಡಸರ ಸಾಲಿನಲ್ಲಿ ಕೂತ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಯಾರೋ ಹುಡುಗಿ “ಕಳಕೇಶ!” ಎಂದು ಕೂಗಿದಳು. ಇವಳು ಕೂತಳು.

ಬರುವಾಗ ಬಸ್ಸಿನಲ್ಲಿ ಕೇಳಿದೆ: “ನೀ ಎಂದೂ ತಡದಾಕೆ ಅಲ್ಲ. ಇವತ್ತ್ಯಾಕ ನಾಟಕ?”

“ಇತ್ತು” ಅಂದಳು. ಗಂಟಲು ಮುಟ್ಟಿ ತೋರಿಸಿದಳು. “ಇಲ್ಲೇ ಇತ್ರಿ.”

ಡಾಕ್ಟರರು ತಲೆನೋವಿಗೆ ಕೊಟ್ಟ ಗುಳಿಗೆಯ ಅಮಲು ಇರಬೇಕು.

ಅಕ್ಟೋಬರ್ ೨೩, ಬುಧವಾರ

ರೋಣಕ್ಕೆ ಹೋಗಿ ಅಲ್ಲಿಂದ ನರಗುಂದದ ಬಸ್ಸು. ಮೇಲೆಲ್ಲೋ ಮಳೆಯಾಗಿ ಯಾವಗಲ್ ಹತ್ತಿರ ಹಳ್ಳ ರಸ್ತೆಯ ಮೇಲೆ ಬಂದಿತ್ತು. ನೀರು ಇಳಿಯುವವರೆಗೆ ಬಸ್ಸು ನಿಂತಿತು. ಆಗ ಮಗಳು ರೇಷ್ಮಾಳ ಫೋನ್.

“ಅಪ್ಪಾ, ಅವ್ವಗ ಏನಾಗೇತಿ? ಏನ್ ಕೇಳಿದ್ರೂ ಹೂಂ, ಊಹೂಂ, ಅಷ್ಟ. ನನ್ನ ಹೆಸರ ತಗೀಲಿಲ್ಲ.”

“ಹಬ್ಬದ ದಣಿವು ಅದು.”

“ಹಬ್ಬ ಯಾವಾಗೋ ಮುಗೀತಲ್ಲಪ್ಪಾ. ತೋರಸೀರಿಲ್ಲೋ?”

“ಮಷಿನ್ ಎದ್ದ ಕೂಡ್ಲೆ ಮದ್ಲ ಆಕಿದ.” ಅಷ್ಟರಲ್ಲಿ ಬಸ್ಸು ಹೊರಟಿತು, ಬದುಕಿಕೊಂಡೆ.

ಆರಿಫನದು ಬ್ಯಾಟರಿ ಅಂಗಡಿ. ಹಿತ್ತಲ ಖೋಲಿಯಲ್ಲಿ ನಮ್ಮದೇ ತದ್ರೂಪಿ ಡಬ್ಬಿ. ಅದರ ಮೇಲೆ ಕೋಳಿ ಕಾವಿಗೆ ಕೂತಿತ್ತು. “ಇದನ್ನ ಕೇಳಿಕೊಂಡ ಬಂದಾವ್ರು ನೀವೊಬ್ರ ನೋಡ್ರಿ. ಆದ್ರ ಈಗದು ಅಕಿದ, ಅಕಿನ್ನ ಕೇಳ್ರಿ” ಎಂದು ಕೋಳಿ ತೋರಿಸಿದ. ಕೋಳಿ ಕುಟುಕಿತು. ಡಬ್ಬಿ ಬೇಡ, ಸಿಡಿ ಸಾಕು ಅಂದೆ. ಧೂಳಿನ ರಟ್ಟಿನಲ್ಲಿ ಕೈಯಾಡಿಸಿ ಹುಡುಕಿದೆವು. ಸಿಕ್ಕಿತು, ಗೀರು ಬಿದ್ದಿದೆ. “ಎದ್ದ್ರ ನನಗೊಂದ ಫೋನ್ ಹಚ್ರಿ. ಸತ್ತದ್ದು ಏಳೂದು ನಾನೂ ನೋಡಿಲ್ಲ” ಅಂದ.

ಮನೆ ಮುಟ್ಟಿದಾಗ ಒಲೆ ಹೊತ್ತಿಸಿರಲಿಲ್ಲ. ಅವಳು ಅಡುಗೆಮನೆಯಲ್ಲಿ ನಿಂತಿದ್ದಳು. ಏನು ಬೇಕಾಗಿ ಬಂದೆ ಎಂಬುದು ಮರೆತುಹೋಗಿದೆ ಎಂಬಂತೆ ಡಬ್ಬಗಳನ್ನು ಒಂದೊಂದೇ ಮುಟ್ಟುತ್ತಿದ್ದಳು. ಚುರುಮುರಿ ತಿಂದು ಮಲಗಿದೆವು.

ಅಕ್ಟೋಬರ್ ೨೫, ಶುಕ್ರವಾರ

ಸಿಡಿ ಹಿಡಿಯಿತು. ಹೊಸ್ತಿಲನ್ನು ಹೊಸದಾಗಿ ಬರೆದೆ.

ಈಗ ಒಳಗಿನ ಮನೆಯ ತಪಾಸಣೆ ನಡೆದಿದೆ. ಯಾವ ಕಡತಕ್ಕೆ ಯಾವ ಹೆಸರು ಎಂದು ಡಬ್ಬಿ ತಾಳೆ ನೋಡುತ್ತದೆ. ಹೆಸರು ಕಳಚಿಕೊಂಡ ಕಡತ ಸಿಕ್ಕಾಗಲೆಲ್ಲ ನಿಂತು ನನ್ನನ್ನು ಕೇಳುತ್ತದೆ, ಜೋಡಿಸಲೇ? ಹೌದು ಎಂದು ಒತ್ತಬೇಕು. ಹೆಸರು ಸಿಗದವನ್ನು ‘ಕಳೆದು ಸಿಕ್ಕವು’ ಎಂಬ ಒಂದು ಖೋಲಿಗೆ ಹಾಕುತ್ತದೆ. ಆ ಖೋಲಿ ತುಂಬುತ್ತಿದೆ. ಡಿಸ್ಕ್ ನಡುನಡುವೆ ತಡವರಿಸುವುದರಿಂದ ಕೆಲಸ ಬಹಳ ನಿಧಾನ.

ಮಧ್ಯಾಹ್ನ ದೇವಿಕಾ ಊಟದ ಡಬ್ಬಿ ತಂದಳು. ಹಾದಿಯಲ್ಲಿ ಬಲಗಾಲಿನ ಚಪ್ಪಲಿ ಕಳಚಿದ್ದು ಅವಳಿಗೆ ತಿಳಿದಿರಲಿಲ್ಲ. ಡಬ್ಬಿ ತೆರೆದೆ. ಖಾಲಿ. ತೊಳೆದು ಒರೆಸಿ, ಒಂದರ ಮೇಲೊಂದು ಕೂಡಿಸಿ, ಅರಿವೆಯಲ್ಲಿ ಗಂಟು ಹಾಕಿ ತಂದ ಖಾಲಿ ಡಬ್ಬಿ.

“ಊಟ ಎಲ್ಲೈತಿ?” ಅಂದೆ.

ಡಬ್ಬಿಯೊಳಗೆ ನೋಡಿದಳು, ನನ್ನನ್ನು ನೋಡಿದಳು. “ಅದು… ಬಡದಿದ್ದೆ. ಅದನ್ನ. ದುಂಡಂದು.” ಕೈಯಿಂದ ಗಾಳಿಯಲ್ಲಿ ಬಡಿದು ತೋರಿಸಿದಳು.

ಉಡಚವ್ವ ಕಸಬರಿಗೆ ಕೆಳಗಿಟ್ಟಳು. “ಸರ, ಡಬ್ಬಿ ಮುಂದ ಕುಂತದ್ದು ಸಾಕು. ಅಕ್ಕಾರನ್ನ ಎಲ್ಲಿಗೆರ ಕರಕೊಂಡ ಹೋಗ್ರಿ” ಅಂದಳು. ನಾನು ರೇಗಿದೆ. ಹಬ್ಬದ ದಿನ ಬಂದ್ ಮಾಡಿಸಿದ್ದು ಯಾರು ಎಂದು ಕೇಳಿದೆ. ಅವಳು ದೇವಿಕಾಳ ಕೈ ಹಿಡಿದು ಮನೆಗೆ ಮುಟ್ಟಿಸಿ, ಬರುವಾಗ ಹಾದಿಯಲ್ಲಿ ಬಿದ್ದಿದ್ದ ಚಪ್ಪಲಿ ಹುಡುಕಿ ತಂದಳು.

ತಾಳೆ ಇನ್ನೂ ಮುಗಿದಿಲ್ಲ.

ಅಕ್ಟೋಬರ್ ೨೬, ಶನಿವಾರ

ಡಾಕ್ಟರರು ತಮ್ಮ ಕಾರಿನ ಕೀಲಿ ಮೇಜಿನ ಮೇಲಿಟ್ಟರು. “ಕಳಕೇಶ, ಇವತ್ತ ಗದಗಿಗಿ ಹೊಂಡ್ರಿ.”

“ಸೋಮವಾರ ಮುಂಜಾನಿ ಎದ್ದಬಿಡ್ತೈತ್ರಿ. ಇಷ್ಟ ಬಂದೈತಿ, ಇನ್ನೊಂದೀಟ.”

“ನೀವು ಯಾರ ಮಾತ ಹೇಳಾಕತ್ತೀರಿ?”

ಡಾಕ್ಟರರಿಗೆ ಯಂತ್ರದ ಸಂಗತಿ ತಿಳಿಯುವುದಿಲ್ಲ. ಮನೆಗೆ ಬಂದು ದೇವಿಕಾಳನ್ನು ಕೇಳಿದೆ, ಗದಗಿಗೆ ಹೋಗೋಣವೇ? ತಲೆ ಅಲ್ಲಾಡಿಸಿದಳು. “ಇಲ್ಲೇ. ನೀವ… ಇಲ್ಲೇ.” ನನ್ನ ಮೇಲೆ ಭರವಸೆ ಇದೆ. ಕೀಲಿ ತಿರುಗಿ ಕೊಟ್ಟೆ.

ಅಕ್ಟೋಬರ್ ೨೮, ಸೋಮವಾರ

ಎದ್ದಿತು.

ಓಕೆಯ ಮುಂದೆ ಬೂಟ್ ಡಿಸ್ಕ್ ಎಂದು ಹೊಡೆದು ಕೈ ಮಡಚಿ ಕೂತೆ. ಸಾಲು ಸಾಲಾಗಿ ಬಂತು. ಆಚೆ ಖೋಲಿಯಲ್ಲಿ ಬಳೆ ಒಮ್ಮೆ ಗುಡುಗಿ ತಿರುಗಿತು. ರಮಜಾನಸಾಬ “ಯಾ ಅಲ್ಲಾ” ಎಂದು ಸ್ಟೂಲಿನ ಮೇಲೆ ಕೂತುಬಿಟ್ಟ. ಉಡಚವ್ವ ನಾನು ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಕಾಯಿ ಒಡೆದಳು. ನರಗುಂದದ ಆರಿಫನಿಗೂ ಫೋನ್ ಮಾಡಿದೆ.

ಸತ್ತ ಬ್ಯಾಟರಿ ಸತ್ತೇ ಇದೆ. ಇನ್ನು ಮೇಲೆ ಬಂದ್ ಮಾಡಿ ಎಬ್ಬಿಸಿದಾಗಲೆಲ್ಲ ಅದು ಯಾರು ಎಂಬುದನ್ನು ಅದಕ್ಕೆ ನಾನೇ ಹೇಳಿಕೊಡಬೇಕು. ಹೇಳಿಕೊಟ್ಟರೆ ಏಳುತ್ತದೆ.

ಪರೀಕ್ಷೆಗಿಡುವ ನೀರಿನ ಡಬ್ಬವನ್ನು ಬಳೆಯೊಳಗೆ ಇಟ್ಟು ನೋಡಿದೆ. ನೀರು ನೀರಿನ ಹಾಗೇ ಬಂತು, ಎಲ್ಲೂ ಕಲೆ ಇಲ್ಲ, ಗೆರೆ ಇಲ್ಲ. ಯಂತ್ರ ಶುದ್ಧವಾಗಿದೆ.

ಸಂಜೆ ದೇವಿಕಾಳ ಮುಂದೆ ಕೂತು “ಎದ್ದಿತು ನೋಡು ಯಂತ್ರ, ಹಾಕಿದ್ದೆ ನಾನು ಮಂತ್ರ” ಅಂದೆ. ಇದಕ್ಕೆ ಅವಳು ನನ್ನ ಮೂಗು ಕೊಯ್ಯಬೇಕಿತ್ತು. ಮಂತ್ರ ಅಲ್ಲ, ಕುತಂತ್ರ ಅನ್ನಬೇಕಿತ್ತು. ನಕ್ಕಳು. ನಗುವಾಗ ತುಟಿಯ ಬಲತುದಿ ಏಳಲಿಲ್ಲ. ಅಂಕ ಬರೆದುಕೊಳ್ಳಲಿಲ್ಲ.

ಅಕ್ಟೋಬರ್ ೨೯, ಮಂಗಳವಾರ

ಮೊದಲ ತಲೆ ಅವಳದೇ. ಮಾತು ಕೊಟ್ಟಿದ್ದೆ.

ಕಿವಿಯ ಓಲೆ, ಮೂಗುಬೊಟ್ಟು, ಹೇರ್‌ಪಿನ್ನು ತೆಗೆಸಿ ಉಡಚವ್ವನ ಸೆರಗಿಗೆ ಕಟ್ಟಿಸಿದೆ. ಮಲಗಿಸಿದೆ. ಹಣೆಗೆ ಪಟ್ಟಿ ಬಿಗಿದೆ. ನಾನು ಗಾಜಿನ ಈಚೆ, ಡಾಕ್ಟರರು ನನ್ನ ಬೆನ್ನಿಗೆ.

ಹಳೆ ಯಂತ್ರ. ಒಂದೊಂದು ಪದರಕ್ಕೂ ಬಳೆ ಒಂದು ಸುತ್ತು ಬಂದು, ಡಬ್ಬಿ ಲೆಕ್ಕ ಮಾಡಿ, ಚಿತ್ರವನ್ನು ಮೇಲಿನಿಂದ ಕೆಳಗೆ ಬಿಡಿಸುತ್ತದೆ. ಕೆಳಗಿನ ಪದರಗಳು ಸರಿ ಇದ್ದವು. ಎಡ ಕಿವಿಯ ಮಟ್ಟ ದಾಟಿ ಮೇಲೆ ಬಂದಾಗ ಕಲೆ ಕಾಣಿಸಿತು. ಮುಂದಿನ ಪದರದಲ್ಲಿ ದೊಡ್ಡದಾಯಿತು. ಅದರ ಮುಂದಿನದರಲ್ಲಿ ಮೆದುಳಿನ ನಡುಗೆರೆ ಬಲಕ್ಕೆ ಬಾಗಿತ್ತು, ಯಾರೋ ತಳ್ಳಿದ ಹಾಗೆ.

“ಡಿಸ್ಕಿನ ದೋಷ ಇರಬೇಕ್ರಿ” ಅಂದೆ. “ಹೆಸರ ತಪ್ಪಿದ ಕಡತ ಎಷ್ಟೋ ಅದಾವ. ಲೆಕ್ಕ ತಪ್ಪಿರತೈತಿ.”

ಡಾಕ್ಟರರು ಆ ನಡುಗೆರೆಯ ಮೇಲೆ ಬೆರಳಿಟ್ಟರು.

ಅವಳನ್ನು ಇಳಿಸಿ ನೀರಿನ ಡಬ್ಬ ಇಟ್ಟೆ. ನೀರು ಶುದ್ಧವಾಗಿಯೇ ಬಂತು. ಹಾಗಾದರೆ ಒಂದೇ ಪರೀಕ್ಷೆ ಉಳಿಯಿತು. ಕಲೆ ಯಂತ್ರದ್ದಾದರೆ ತಲೆ ಎತ್ತ ತಿರುಗಿದರೂ ಅದು ಇದ್ದಲ್ಲೇ ಇರುತ್ತದೆ. ಇಷ್ಟು ದಿನ ಈ ಡಬ್ಬಿ ಸರಿಯಾಗಲಿ ಎಂದು ಬೇಡಿದವನು, ಅದು ಕೆಟ್ಟಿರಲಿ ಎಂದು ಬೇಡಿಕೊಂಡೆ. ಅವಳನ್ನು ಮತ್ತೆ ಮಲಗಿಸಿ ತಲೆಯನ್ನು ಓರೆಯಾಗಿ ತಿರುಗಿಸಿ ಪಟ್ಟಿ ಕಟ್ಟಿದೆ.

“ಮತ್ತ?” ಅಂದಳು.

“ಒಂದ ಸಲ. ಮಷಿನ್ ಸುಳ್ಳ ಹೇಳಾಕತ್ತೇತಿ.”

ಅವಳು ಹಿಡಿದಿದ್ದ ಕೈ ಬಿಡಿಸಿಕೊಂಡು ಬಂದು ಗುಂಡಿ ಒತ್ತಿದೆ. ಬಳೆ ತಿರುಗಿತು. ಚಿತ್ರ ಇಳಿಯಿತು.

ಕಲೆ ತಲೆಯ ಜತೆಗೇ ತಿರುಗಿತ್ತು.

ಅಕ್ಟೋಬರ್ ೩೧, ಗುರುವಾರ. ಹುಬ್ಬಳ್ಳಿ

ಹೊರಗೆ ಪಟಾಕಿ. ಹುಬ್ಬಳ್ಳಿಗೆ ದೀಪಾವಳಿ.

ಆಸ್ಪತ್ರೆಯ ಮೆದುಳಿನ ಡಾಕ್ಟರರು ಗಡ್ಡೆ ಬಹಳ ದಿನದ್ದು ಅಂದರು. ಖಂಡೇಪೂಜೆಯ ಹೊತ್ತಿಗೇ ತಂದಿದ್ದರೆ ಎಂದು ಕೇಳಿದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು “ಅದನ್ನ ಈಗ ಕೇಳಬ್ಯಾಡ್ರಿ” ಅಂದರು. ನಾಡಿದ್ದು ಆಪರೇಷನ್. ಮಾತಿನ ಜಾಗದಲ್ಲೇ ಕೂತಿದೆ, ಎಷ್ಟು ಉಳಿಯುತ್ತದೆ ಎಂಬ ಭರವಸೆ ಕೊಡಲಾರೆ ಅಂದರು. ಆಮೇಲೆ ಅವಳ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

ಪೆನ್ನು ತೋರಿಸಿದರು. “ಇದೇನವ್ವಾ?”

“ಅದು… ಅದರಿ.”

ನನ್ನ ಕಡೆ ಬೆರಳು ಮಾಡಿದರು. “ಇವ್ರು ಯಾರು?”

“ಇವ್ರು. ನಮ್ಮ. ಇವ್ರು.”

“ಹೆಸರ ಹೇಳವ್ವಾ.”

ಅವಳು ಬಾಯಿ ಆಡಿಸಿದಳು. ಸೂಡಿಯಲ್ಲಿ ನೋಡಿದ ಹಾಗೆಯೇ ನನ್ನನ್ನು ನೋಡಿದಳು. ಗಂಟಲು ಮುಟ್ಟಿಕೊಂಡಳು.

“ಆಕಿ ಹಂಗ ಹೇಳೂದಿಲ್ರಿ” ಅಂದೆ. “ಒಡಪಿನ್ಯಾಗ ಅಷ್ಟ.”

“ಹಂಗಾರ ಒಡಪಿನ್ಯಾಗ ಕೇಳ್ರಿ.”

ಗಂಡಸು ಒಡಪು ಎತ್ತಿಕೊಟ್ಟದ್ದನ್ನು ನಮ್ಮ ಕಡೆ ಯಾರೂ ಕೇಳಿರಲಾರರು. ಮಂಚದ ಹತ್ತಿರ ಕೂತು ಎತ್ತಿಕೊಟ್ಟೆ. “ಹೊತ್ತು ಮುಳುಗಿದರೂ ಮನಿಗಿ ಇಲ್ಲ…”

“ಪ್ರವೇಶ” ಅಂದಳು.

“ಮಷಿನ್ನೇ ಮೊದಲ ಹೆಂಡತಿ ಅಂತಾರ ನಮ್ಮ…”

“ಕಳಕೇಶ.”

ಬಾಣ ಬಿಟ್ಟ ಹಾಗೆ.

ಡಾಕ್ಟರರು ಬರೆದುಕೊಂಡರು. ಬಾಯಿಪಾಠದ ಪದ್ಯ, ಹಾಡು ಬೇರೆ ಹಾದಿಯಿಂದ ಬರುತ್ತವೆ, ಕೆಲವರಲ್ಲಿ ಆ ಹಾದಿ ಉಳಿಯುತ್ತದೆ ಅಂದರು. ಮತ್ತೆ ಪೆನ್ನು ತೋರಿಸಿದರು. ಏನೂ ಬರಲಿಲ್ಲ. ಪೆನ್ನಿಗೆ ಪ್ರಾಸ ಕಟ್ಟಿಟ್ಟಿರಲಿಲ್ಲ ನಾನು.

ರಮಜಾನಸಾಬ ಫೋನ್ ಮಾಡಿದ್ದ. “ಕರೆಂಟ್ ಹೋಗಿತ್ರಿ, ಜನರೇಟರ್ ಹಚ್ಚೀನಿ. ಬಂದ್ ಆಗಾಕ ಬಿಟ್ಟಿಲ್ಲ. ಅಕ್ಕಾರ ಹ್ಯಾಂಗದಾರ?”

“ಚಾಲೂ ಅದಾಳ” ಅಂದೆ.

ರೇಷ್ಮಾ ತಾಯಿಯ ಹತ್ತಿರ ಕೂತಿದ್ದಾಳೆ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಕಟ್ಟುತ್ತಿದ್ದೇನೆ. ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಅವಳಿಗೆ ಯಾವ ಯಾವ ಮಾತು ಬೇಕಾಗುತ್ತವೋ ಅವಕ್ಕೆಲ್ಲ ಒಂದೊಂದು ಸಾಲು ಬೇಕು. ನಾಡಿದ್ದಿನ ಒಳಗೆ ಬಾಯಿಪಾಠ ಆಗಬೇಕು. ನಾನು ಎತ್ತಿಕೊಡುವುದು, ಕೊನೆಯದು ಅವಳದು.

“ಗಂಟಲ ಒಣಗಿ ಕೂಗೈತಿ ಜೋರು, ಕೊಡ್ರಿ ನನಗ ಒಂದ್ ಗುಟುಕು…” ಒಳಗೆ ಹೋಗಿ ಹೇಳಿಸಿದೆ. ಆಮೇಲಿನ ಸಲ ತಾನೇ “ನೀರು” ಅಂದಳು.

“ಖಾಲಿ ಆಗೇತಿ ನನ್ನ ಹೊಟ್ಟಿ, ಬಡದು ಕೊಡ್ರಿ ಎರಡು…” ಇದಕ್ಕೆ ಇನ್ನೂ ಕೈಯಿಂದಲೇ ಬಡಿದು ತೋರಿಸುತ್ತಾಳೆ. ಬರುತ್ತದೆ.

ರೇಷ್ಮಾಳ ಹೆಸರಿಗೆ ಪ್ರಾಸ ಕಷ್ಟ. ತಾನೇ ಕಟ್ಟುತ್ತೇನೆ ಅಂದಿದ್ದಾಳೆ.

ನೋವು ಎಂಬುದು ಎಲ್ಲಕ್ಕಿಂತ ಬೇಕಾಗುವ ಮಾತು. ಅದಕ್ಕೆ ಮೊದಲು ಹೊಳೆದ ಪ್ರಾಸವನ್ನು ಬರೆಯಲಿಲ್ಲ. ಬೇವು ಇದೆ, ಮಾವು ಇದೆ. ಹುಡುಕುತ್ತಿದ್ದೇನೆ.